ಮೊದಲ ಟೆಡ್ಡಿ ಕರಡಿಗೆ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಟೆಡ್ಡಿ ಕರಡಿ ಹೊಲಿಯಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಅಂಗಡಿಯಲ್ಲಿ ಫರ್ ಬಟ್ಟೆಯ ಮೇಲೆ ಕೈಯಾಡಿಸಿ, ಎಷ್ಟು ಮೆತ್ತಗಿದೆ ಅಂತ ಮನಸೋತು ತಕ್ಷಣ ಕತ್ತರಿಸಿ ಕೊಡಿ ಅನ್ನಬೇಡಿ. ತಿರುಗಿಸಿ. ಹಿಂಬದಿ ನೋಡಿ. ನೀವು ಗುರುತು ಹಾಕುವುದು, ಕತ್ತರಿಸುವುದು, ಹೊಲಿಗೆ ಹಾಕುವುದು ಎಲ್ಲವೂ ಆ ಹಿಂಬದಿಯ ಮೇಲೆಯೇ. ಒಳಗೆ ಗಟ್ಟಿಯಾಗಿ ತುಂಬಿದಾಗ ಒತ್ತಡ ತಡೆದುಕೊಳ್ಳುವುದೂ ಅದೇ. ತುಪ್ಪಳ ಎಷ್ಟೇ ಚೆನ್ನಾಗಿರಲಿ, ಹಿಂಬದಿ ಸಡಿಲವಾಗಿದ್ದರೆ ಮೂತಿ ಒಂದು ಕಡೆ ಉಬ್ಬುತ್ತದೆ, ಒಂದು ಕಾಲು ದಪ್ಪ ಇನ್ನೊಂದು ಸಣ್ಣ ಆಗುತ್ತದೆ, ಹೊಲಿಗೆ ಬಾಯಿ ಬಿಡುತ್ತದೆ.

ನಾನು ಇಲ್ಲಿ ಬರೆಯುತ್ತಿರುವುದು ಬೆಂಗಳೂರಿನ ಪೇಟೆಯಲ್ಲಿ ಬಿಡಿಬಿಡಿಯಾಗಿ ಸಿಗುವ ಸಾಮಾನಿನ ಬಗ್ಗೆ, ಮತ್ತು ಆನ್‌ಲೈನ್‌ನಲ್ಲಿ ಪೆಟ್ಟಿಗೆಯಾಗಿ ಬರುವ ಕಿಟ್‌ಗಳ ಬಗ್ಗೆ. ಕರಡಿ ಅಂದರೆ 30ರಿಂದ 35 ಸೆಂಟಿಮೀಟರ್ ಎತ್ತರದ್ದು, ತಲೆ, ಕೈ, ಕಾಲು ತಿರುಗುವಂಥದ್ದು ಅಂತ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಈ ಅಳತೆಯೇ ಒಳ್ಳೆಯದು. ಅಂಗೈಯಷ್ಟು ಸಣ್ಣ ಕರಡಿ ಸುಲಭ ಅಂತ ಕಾಣುತ್ತದೆ, ಆದರೆ ಕಿವಿಯಷ್ಟು ಪುಟ್ಟ ತುಂಡನ್ನು ಹೊಲಿದು ಒಳಹೊರಗು ಮಾಡುವಾಗ ಬೆರಳೇ ಹೋಗುವುದಿಲ್ಲ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಮುಖ ಬದಲಾಗುತ್ತದೆ.

ಕಿಟ್ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾನು ತರಿಸಿದ ಕಿಟ್‌ನ ಹೆಸರು ಹೇಳುವುದಿಲ್ಲ. ಪೆಟ್ಟಿಗೆ ಮೇಲಿನ ಚಿತ್ರ ಬಹಳ ಮುದ್ದಾಗಿತ್ತು. ಒಳಗೆ ಬಂದದ್ದು ಎರಡೂ ಕಡೆ ಎಳೆದರೆ ರಬ್ಬರಿನಂತೆ ಹಿಗ್ಗುವ ಬಟ್ಟೆ, ಒಂದು ಕೈ ಹೊಲಿಯುವಷ್ಟರಲ್ಲಿ ತುಂಡಾಗುವ ದಾರ, ಕೈಕಾಲು ತಿರುಗಲು ಒಳಗೆ ಹಾಕುವ ಜಾಯಿಂಟ್‌ಗೆ ಬರೀ ರಟ್ಟಿನ ಬಿಲ್ಲೆ, ಮೂತಿ ತುಂಬಲು ಸಹ ಸಾಲದಷ್ಟು ಹತ್ತಿ. ವಿವರಣೆಯ ಹಾಳೆಯಲ್ಲಿ ಬಟ್ಟೆಯ ತುಪ್ಪಳ ಯಾವ ದಿಕ್ಕಿಗೆ ಇರಬೇಕು ಅನ್ನುವ ಬಾಣದ ಗುರುತೇ ಇರಲಿಲ್ಲ. ಹೊಸಬರು ಇದನ್ನು ಹೊಲಿದು, ಚೆನ್ನಾಗಿ ಬರದೇ ಹೋದರೆ ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರಲ್ಲ, ಅದು ನನಗೆ ಬೇಸರದ ವಿಷಯ. ಕೈ ಸರಿಯಿರುತ್ತದೆ, ಬಟ್ಟೆ ಸರಿಯಿರುವುದಿಲ್ಲ. ಕಿಟ್ ಕೊಳ್ಳಲೇಬೇಕು ಅಂದರೆ ಮಾರುವವರಿಗೆ ಮೂರು ಪ್ರಶ್ನೆ ಬರೆದು ಕಳಿಸಿ: ಬಟ್ಟೆಯ ಹಿಂಬದಿ ನೇಯ್ದದ್ದೋ ಹೆಣೆದದ್ದೋ, ಜಾಯಿಂಟ್ ಯಾವುದರಿಂದ ಮಾಡಿದ್ದು, ತುಪ್ಪಳ ಎಷ್ಟು ಉದ್ದ. ಉತ್ತರ ಕೊಡಲು ಆಗದವರಿಂದ ಕೊಳ್ಳಬೇಡಿ.

ಈಗ ಬಟ್ಟೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನಮ್ಮಲ್ಲಿ ಅಂಗಡಿಯಲ್ಲಿ ‘ಫರ್’ ಅಂತ ಕೇಳಿದರೆ ಕೊಡುವುದು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ತುಪ್ಪಳದ ಬಟ್ಟೆ. ಇದರ ಹಿಂಬದಿ ಬಹುಪಾಲು ಹೆಣೆದದ್ದು, ಅಂದರೆ ಬನಿಯನ್ ಬಟ್ಟೆಯ ಜಾತಿ, ಹಾಗಾಗಿ ಎಳೆದರೆ ಹಿಗ್ಗುತ್ತದೆ. ಆದರೆ ಎಲ್ಲವೂ ಒಂದೇ ಥರ ಹಿಗ್ಗುವುದಿಲ್ಲ. ಕೆಲವಕ್ಕೆ ಹಿಂಬದಿಯಲ್ಲಿ ತೆಳುವಾಗಿ ಅಂಟಿನ ಲೇಪ ಕೊಟ್ಟಿರುತ್ತಾರೆ, ಅವು ಆಕಾರ ಹಿಡಿದುಕೊಳ್ಳುತ್ತವೆ. ನಿಮಗೆ ಬೇಕಾದದ್ದು ಅದು. ಲೇಪ ಜಾಸ್ತಿಯಾಗಿ ರಟ್ಟಿನಂತೆ ಮಡಚಿಕೊಳ್ಳುವುದೂ ಬೇಡ, ಅದರಲ್ಲಿ ಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ.

ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ ಹೀಗಿದೆ. ಬಟ್ಟೆಯನ್ನು ಎರಡು ಕೈಯಲ್ಲಿ ಒಂದು ಗೇಣು ಅಗಲ ಹಿಡಿದು ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಎಳೆಯಿರಿ, ಬಿಟ್ಟ ಮೇಲೆ ಮೊದಲಿನ ಅಳತೆಗೆ ಬಂತಾ ನೋಡಿ. ಒಂದು ಕಡೆ ಸ್ವಲ್ಪ ಹಿಗ್ಗಿದರೆ ಪರವಾಗಿಲ್ಲ, ಎರಡೂ ಕಡೆ ಹಿಗ್ಗಿದರೆ ಬಿಡಿ. ಆಮೇಲೆ ಹೆಬ್ಬೆರಳಿನಿಂದ ತುಪ್ಪಳವನ್ನು ಬೈತಲೆ ತೆಗೆದಂತೆ ಬಿಡಿಸಿ ನೋಡಿ. ಕೆಳಗಿನ ಬಟ್ಟೆ ಅಗಲವಾಗಿ ಬೋಳು ಕಂಡರೆ ತುಪ್ಪಳ ವಿರಳವಾಗಿದೆ ಅಂತ ಅರ್ಥ, ತುಂಬಿದ ಮೇಲೆ ಇನ್ನೂ ಬೋಳಾಗಿ ಕಾಣುತ್ತದೆ. ಕೊನೆಗೆ ನಾಲ್ಕು ಕೂದಲು ಹಿಡಿದು ಮೆಲ್ಲಗೆ ಜಗ್ಗಿ. ಕತ್ತರಿಸಿದ ಅಂಚಿನಲ್ಲಿ ಉದುರುವುದು ಸಹಜ, ನಡುವಿನಿಂದ ಕಿತ್ತು ಬರಬಾರದು. ಇಷ್ಟು ಮಾಡುವಾಗ ಅಂಗಡಿಯವರು ಮುಖ ನೋಡುತ್ತಾರೆ. ನೋಡಲಿ. ‘ಅಣ್ಣ, ಬೊಂಬೆ ಹೊಲಿಯೋದಕ್ಕೆ, ಎಳೆದ್ರೆ ಹಿಗ್ಗಬಾರದು’ ಅಂತ ಹೇಳಿದರೆ ಅವರೇ ಒಳಗಿಂದ ಬೇರೆ ಬಟ್ಟೆಯ ತಾನು ತಂದು ಹಾಕುತ್ತಾರೆ. ಬಟ್ಟೆ ವ್ಯಾಪಾರ ಮಾಡುವವರಿಗೆ ಬಟ್ಟೆಯ ಗುಣ ಚೆನ್ನಾಗಿ ಗೊತ್ತಿರುತ್ತದೆ, ನಾವು ಏನು ಬೇಕು ಅಂತ ಸರಿಯಾಗಿ ಹೇಳಬೇಕು ಅಷ್ಟೇ.

ತುಪ್ಪಳದ ಉದ್ದ ಸುಮಾರು 1 ಸೆಂಟಿಮೀಟರ್ ಇರಲಿ. ಇದಕ್ಕೆ ಕಾರಣವಿದೆ. ವೆಲ್ವೆಟ್‌ನಷ್ಟು ಗಿಡ್ಡವಾದರೆ ಪ್ರತಿ ಹೊಲಿಗೆಯ ಸೊಟ್ಟವೂ ಹೊರಗೆ ಕಾಣುತ್ತದೆ. 2 ಸೆಂಟಿಮೀಟರ್ ದಾಟಿದರೆ ತುಪ್ಪಳ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಮೂತಿಯ ಆಕಾರ ಮುಚ್ಚಿಹೋಗುತ್ತದೆ, ಕಣ್ಣು ಹುಡುಕಬೇಕಾಗುತ್ತದೆ. ಒಂದು ಸೆಂಟಿಮೀಟರ್ ಇದ್ದರೆ ಹೊಸಬರ ಹೊಲಿಗೆ ಮುಚ್ಚುತ್ತದೆ, ಮುಖ ಉಳಿಯುತ್ತದೆ. ಬಣ್ಣದಲ್ಲಿ ಕಂದು, ಜೇನು, ಬೂದಿ ಥರದ್ದು ತೆಗೆದುಕೊಳ್ಳಿ. ಕಪ್ಪು ಬಟ್ಟೆಯಲ್ಲಿ ರಾತ್ರಿ ಲೈಟಿನಡಿ ಕೂತು ಹೊಲಿದರೆ ಹೊಲಿಗೆ ಎಲ್ಲಿದೆ ಅಂತಲೇ ಕಾಣುವುದಿಲ್ಲ, ಅಚ್ಚ ಬಿಳಿ ಬಟ್ಟೆ ಹೊಲಿದು ಮುಗಿಯುವಷ್ಟರಲ್ಲಿ ಮಾಸುತ್ತದೆ. ಎಷ್ಟು ಬಟ್ಟೆ ಬೇಕು ಅಂದರೆ, ಒಂದೂವರೆ ಮೀಟರ್ ಅಗಲದ ತಾನಿನಲ್ಲಿ ಕಾಲು ಮೀಟರ್ ಒಂದು ಕರಡಿಗೆ ಸಾಕಾಗುತ್ತದೆ. ಅರ್ಧ ಮೀಟರ್ ತನ್ನಿ. ಎಲ್ಲ ತುಂಡುಗಳಲ್ಲೂ ತುಪ್ಪಳ ಕೆಳಮುಖವಾಗಿ ಮಲಗಬೇಕು, ಹಾಗೆ ಜೋಡಿಸುವಾಗ ಬಟ್ಟೆ ಸ್ವಲ್ಪ ಜಾಸ್ತಿ ಹೋಗುತ್ತದೆ. ಜೊತೆಗೆ ಕೈ ಕಾಲುಗಳಿಗೆ ಎಡದ್ದು ಬಲದ್ದು ಬೇರೆ ಬೇರೆ ಕತ್ತರಿಸಬೇಕು, ಬಟ್ಟೆ ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸುವ ಹಾಗಿಲ್ಲ.

ಮಿಂಕಿ ಅಂತ ಒಂದು ಬಟ್ಟೆ ಇದೆ, ಮಕ್ಕಳ ಹೊದಿಕೆಗೆ ಬಳಸುವ ಗಿಡ್ಡ ತುಪ್ಪಳದ್ದು. ಮುಟ್ಟಿದರೆ ಬಿಡಲು ಮನಸ್ಸಾಗುವುದಿಲ್ಲ, ಅಷ್ಟು ನುಣುಪು. ಎಷ್ಟೋ ಜನ ಮೊದಲು ಇದನ್ನೇ ಕೊಳ್ಳುತ್ತಾರೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ, ಹೊಲಿಯುವಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಮಗುವಿಗೆ ಅದೇ ಬಟ್ಟೆ ಬೇಕು ಅಂದರೆ ಹಿಂಬದಿಗೆ ತೆಳು ಕಾಟನ್ ಬಟ್ಟೆಯನ್ನು ಉದ್ದ ಹೊಲಿಗೆ ಹಾಕಿ ಕೂಡಿಸಿಕೊಂಡು ಎರಡನ್ನೂ ಒಂದೇ ಬಟ್ಟೆಯಂತೆ ಹೊಲಿಯಿರಿ. ಮ್ಯಾಚಿಂಗ್ ಸೆಂಟರ್‌ನಲ್ಲಿ ಸಿಗುವ ರವಿಕೆ ಲೈನಿಂಗ್ ಸಾಕು. ಟೈಲರ್‌ಗಳು ಹಾಕುವ ಫ್ಯೂಸಿಂಗ್ ಕೂಡ ಆಗುತ್ತದೆ, ಆದರೆ ಅದನ್ನು ಅಂಟಿಸಲು ಇಸ್ತ್ರಿ ಬೇಕು, ಪಾಲಿಯೆಸ್ಟರ್ ತುಪ್ಪಳ ಬಿಸಿಗೆ ಕರಗಿ ಚಪ್ಪಟೆಯಾಗುವ ಅಪಾಯ ಇದೆ.

ನನಗೆ ಇಷ್ಟವಾದ, ಯಾರೂ ಅಷ್ಟಾಗಿ ಹೇಳದ ಇನ್ನೊಂದು ಬಟ್ಟೆ ಸೋಫಾ ವೆಲ್ವೆಟ್. ಇದರ ಹಿಂಬದಿ ಬಹುಪಾಲು ನೇಯ್ದದ್ದು, ಜನ ಕೂತೆದ್ದರೂ ತಡೆಯುವಂತೆ ಮಾಡಿದ್ದು, ಹಾಗಾಗಿ ಎಷ್ಟು ಗಟ್ಟಿಯಾಗಿ ತುಂಬಿದರೂ ಆಕಾರ ಕೆಡುವುದಿಲ್ಲ. ಸೋಫಾ ಬಟ್ಟೆ ಅಂಗಡಿಗಳಲ್ಲಿ, ಸೋಫಾ ರಿಪೇರಿ ಮಾಡುವವರ ಹತ್ತಿರ ಉಳಿದ ತುಂಡುಗಳು ಕಡಿಮೆಗೆ ಸಿಗುತ್ತವೆ. ಹೊಲಿಗೆಯ ಸೊಟ್ಟ ಕಾಣುತ್ತದೆ ಅನ್ನುವುದು ಒಂದೇ ತೊಂದರೆ. ಕೈ ಹೊಲಿಗೆ ಚೆನ್ನಾಗಿ ಬರುವವರು, ರವಿಕೆಗೆ ಹೆಮ್ಮಿಂಗ್ ಮಾಡಿ ಅಭ್ಯಾಸ ಇರುವವರು, ಧೈರ್ಯವಾಗಿ ಇದರಲ್ಲೇ ಶುರು ಮಾಡಬಹುದು.

ಇನ್ನು ಮೋಹೇರ್. ಕರಡಿ ಹೊಲಿಯುವ ಯಾವ ವಿಡಿಯೋ ನೋಡಿದರೂ ಇದರ ಹೆಸರು ಬರುತ್ತದೆ. ಅಂಗೋರಾ ಮೇಕೆಯ ಕೂದಲು, ಹತ್ತಿಯ ನೇಯ್ಗೆಯ ಮೇಲೆ ನಿಲ್ಲಿಸಿದ್ದು. ಜಗತ್ತಿನಲ್ಲಿ ಈ ಕೂದಲು ಅತಿ ಹೆಚ್ಚು ಬರುವುದು ದಕ್ಷಿಣ ಆಫ್ರಿಕಾದಿಂದ. ಟೆಡ್ಡಿಯ ಕಥೆಯಲ್ಲಿ ಮೋಹೇರ್ ಶುರುವಿನಿಂದಲೂ ಇದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ, ಕ್ಲಿಫರ್ಡ್ ಬೆರಿಮನ್ ಅದನ್ನು ವ್ಯಂಗ್ಯಚಿತ್ರವಾಗಿ ಬರೆದರು, ಬ್ರೂಕ್ಲಿನ್‌ನ ಅಂಗಡಿಯವರಾದ ಮಾರಿಸ್ ಮಿಚ್‌ಟಮ್ ಆಟಿಕೆ ಮಾಡಿ ರೂಸ್‌ವೆಲ್ಟ್ ಅವರನ್ನು ಜನ ಕರೆಯುತ್ತಿದ್ದ ‘ಟೆಡ್ಡಿ’ ಅನ್ನುವ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ಹೊತ್ತಿಗೆ ಜರ್ಮನಿಯ ಗೀಂಗನ್ ಊರಿನಲ್ಲಿ ಸ್ಟೈಫ್ ಕಂಪನಿಯ ರಿಚರ್ಡ್ ಸ್ಟೈಫ್ ಕೈಕಾಲು ಆಡುವ ಮೋಹೇರ್ ಕರಡಿ ಮಾಡಿದರು, 1903ರ ಲೈಪ್‌ಜಿಗ್ ಆಟಿಕೆ ಮೇಳಕ್ಕೆ ಅದು ಹೋಯಿತು. ಇವತ್ತಿಗೂ ಸಂಗ್ರಹಕ್ಕಾಗಿ ಕರಡಿ ಮಾಡುವವರು ಮೋಹೇರ್ ಬಿಡದೇ ಇರುವುದು ಬರೀ ಸಂಪ್ರದಾಯಕ್ಕಲ್ಲ, ಅದರ ಹಿಂಬದಿ ನಿಜವಾಗಿಯೂ ಗಟ್ಟಿ, ಹಿಗ್ಗುವುದಿಲ್ಲ, ತುಪ್ಪಳಕ್ಕೆ ಒಂದು ಹೊಳಪು ಇರುತ್ತದೆ. ಆದರೆ ನಮಗೆ ಅದು ಹೊರದೇಶದಿಂದ ಬರಬೇಕು. ಬಟ್ಟೆಯ ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಸೇರುತ್ತದೆ. ಮೊದಲ ಕರಡಿಗೆ ಖಂಡಿತ ಬೇಡ. ಅಷ್ಟು ದುಡ್ಡು ಕೊಟ್ಟ ಬಟ್ಟೆಗೆ ಕತ್ತರಿ ಇಡಲು ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಕಲಿಯಲು ಆಗುವುದಿಲ್ಲ. ನಾಲ್ಕೈದು ಕರಡಿ ಹೊಲಿದು ಮುಖ ನಿಮ್ಮ ಮನಸ್ಸಿನಂತೆ ಬರಲು ಶುರುವಾದ ಮೇಲೆ ಕಾಲು ಮೀಟರ್ ತರಿಸಿಕೊಳ್ಳಿ. ಆಗ ಅದರ ಸುಖವೇ ಬೇರೆ.

ಜಾಯಿಂಟ್ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ, ಆದರೆ ಬಟ್ಟೆ ಬಿಟ್ಟರೆ ದುಡ್ಡು ಹಾಕಬೇಕಾದ ಜಾಗ ಇದೇ. ಒಳಗೆ ಹೋಗಿ ಹೊಲಿಗೆ ಮುಚ್ಚಿದ ಮೇಲೆ ಸರಿಮಾಡಲು ಕರಡಿಯನ್ನೇ ಬಿಚ್ಚಬೇಕು. ಹಳೆಯ ಪದ್ಧತಿಯ ಜಾಯಿಂಟ್‌ನಲ್ಲಿ ಐದು ಭಾಗ: ಎರಡು ಗಟ್ಟಿ ಬಿಲ್ಲೆ, ಎರಡು ಲೋಹದ ವಾಷರ್, ಒಂದು ಕಾಟರ್ ಪಿನ್. ಒಂದು ಬಿಲ್ಲೆ ಕೈಯೊಳಗೆ, ಇನ್ನೊಂದು ಮೈಯೊಳಗೆ. ಪಿನ್ ಎರಡನ್ನೂ ದಾಟಿ ಬರುತ್ತದೆ, ಅದರ ಎರಡು ಕಾಲನ್ನು ಇಕ್ಕಳದಿಂದ ಸುರುಳಿ ಸುತ್ತಿ ಬಿಗಿ ಮಾಡಬೇಕು. ಈ ಪಿನ್ ಕ್ರಾಫ್ಟ್ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಸ್ಪ್ಲಿಟ್ ಪಿನ್’ ಅನ್ನಿ, ಮುಷ್ಟಿ ತುಂಬ ಕೊಡುತ್ತಾರೆ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲಿ ಪಿನ್, ವಾಷರ್ ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ, ಬೆಲೆಯೂ ಬಹಳ ಕಡಿಮೆ. ತೆಳುವಾದ ಪಿನ್ ಕೇಳಿ. ಲಾರಿಗೆ ಹಾಕುವಂಥ ದಪ್ಪ ಪಿನ್ನನ್ನು ಕೈಯಲ್ಲಿ ಸುತ್ತಲು ಆಗುವುದಿಲ್ಲ.

ಬಿಲ್ಲೆಗೆ ಹಾರ್ಡ್‌ಬೋರ್ಡ್ ಬೇಕು. ಚಿತ್ರ ಬರೆಯಲು, ಕೀ ಚೈನ್ ಮಾಡಲು ಮಾರುವ 3 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಗುಂಡು ಬಿಲ್ಲೆಗಳು ಕ್ರಾಫ್ಟ್ ಅಂಗಡಿಯಲ್ಲಿ ಇರುತ್ತವೆ, ನಡುವೆ ತೂತು ಹೊಡೆದುಕೊಂಡರೆ ಆಯಿತು. 30ರಿಂದ 35 ಸೆಂಟಿಮೀಟರ್ ಕರಡಿಗೆ ಕೈಗೆ 25ರಿಂದ 30 ಮಿಲಿಮೀಟರ್, ಕಾಲಿಗೂ ಕುತ್ತಿಗೆಗೂ 35ರಿಂದ 40 ಮಿಲಿಮೀಟರ್ ಅಗಲದ ಬಿಲ್ಲೆ ಸರಿಹೋಗುತ್ತದೆ. ಬಿಲ್ಲೆ ಸಣ್ಣದಾದರೆ ಕೈ ಜೋತುಬೀಳುತ್ತದೆ. ಮದುವೆ ಆಮಂತ್ರಣದ ರಟ್ಟು, ಬೂಟಿನ ಪೆಟ್ಟಿಗೆ ರಟ್ಟು ಇವೆಲ್ಲ ಬೇಡವೇ ಬೇಡ, ಕೆಲವು ತಿಂಗಳಲ್ಲಿ ಬಾಗುತ್ತವೆ.

ಪಿನ್ ಸುತ್ತಲು ಹೆದರಿಕೆ ಇದ್ದರೆ ನಟ್ಟು ಬೋಲ್ಟು ಹಾಕಿ. ಮಾಮೂಲಿ ನಟ್ ಅಲ್ಲ, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್. ಅದು ಅಲುಗಾಡಿದರೂ ಬಿಚ್ಚಿಕೊಳ್ಳುವುದಿಲ್ಲ. ಎರಡು ಸ್ಪ್ಯಾನರ್ ಇದ್ದರೆ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು, ಸರಿಯಿಲ್ಲ ಅನಿಸಿದರೆ ಬಿಚ್ಚಿ ಮತ್ತೆ ಹಾಕಬಹುದು. ಹೊಸಬರಿಗೆ ಪಿನ್‌ಗಿಂತ ಇದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಕರಡಿ ಸ್ವಲ್ಪ ಭಾರವಾಗುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಯಾವುದೇ ಜಾಯಿಂಟ್ ಆಗಲಿ, ಖಾಲಿ ಮೈಯಲ್ಲಿ ತಿರುಗಿಸಲು ಕಷ್ಟ ಅನಿಸುವಷ್ಟು ಬಿಗಿ ಇರಬೇಕು. ತುಂಬಿದ ಮೇಲೆ ಅದು ಸಡಿಲವಾಗಿಯೇ ಆಗುತ್ತದೆ. ಒಗೆಯುವ ಕರಡಿ ಬೇಕಾದರೆ ಮಾತ್ರ ಪ್ಲಾಸ್ಟಿಕ್ ಜಾಯಿಂಟ್ ತೆಗೆದುಕೊಳ್ಳಿ, ಎಂಡಿಎಫ್ ನೀರು ಕುಡಿದರೆ ಊದಿಕೊಳ್ಳುತ್ತದೆ.

ತುಂಬುವ ಹತ್ತಿಗೆ ಬರೋಣ. ‘ರೆಕ್ರಾನ್’ ರಿಲಯನ್ಸ್‌ನ ಬ್ರಾಂಡ್, ಆದರೆ ಹಾಸಿಗೆ ಅಂಗಡಿಯಲ್ಲಿ ಎಲ್ಲ ಪಾಲಿಯೆಸ್ಟರ್ ಹತ್ತಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಕ್ರಾಫ್ಟ್ ಅಂಗಡಿಯ ಪುಟ್ಟ ಪ್ಯಾಕೆಟ್ ಬೇಡ, ಹಾಸಿಗೆ ದಿಂಬು ಮಾಡುವವರ ಹತ್ತಿರ ಕಿಲೋ ಲೆಕ್ಕದಲ್ಲಿ ಕೊಳ್ಳಿ, ವ್ಯತ್ಯಾಸ ಬಹಳ ಇರುತ್ತದೆ. ಒಂದು ಕರಡಿಗೆ 300 ಗ್ರಾಂ ಹತ್ತಿರ ಹೋಗುತ್ತದೆ, ಗಟ್ಟಿ ಮಾಡಿದರೆ ಇನ್ನೂ ಸ್ವಲ್ಪ. ಕೊಳ್ಳುವಾಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ. ಪುಟಿದು ಮೇಲೆ ಬರಬೇಕು, ಗಂಟು ಗಂಟಾಗಿ ಉಳಿದರೆ ಹಳೆಯ ಮಾಲು ಅಥವಾ ಕಲಬೆರಕೆ. ಬಹಳ ಜಾರುವ, ರೇಷ್ಮೆಯಂತೆ ನುಣುಪಾದ ಜಾತಿ ದಿಂಬಿಗೆ ಚೆಂದ. ಮೂತಿಗೆ ಮಾತ್ರ ಅದು ಒಂದು ಕಡೆ ನಿಲ್ಲುವುದಿಲ್ಲ, ಅಲ್ಲಿಗೆ ಸ್ವಲ್ಪ ಒರಟಾದದ್ದು ಇರಲಿ. ಮೂತಿ ಮತ್ತು ಪಾದ, ಹಣ್ಣಾಗುವ ಮುಂಚಿನ ಮಾವಿನಕಾಯಿಯಷ್ಟು ಗಟ್ಟಿ ಇರಬೇಕು. ಮೂಗು ಹೊಲಿಯುವಾಗ ದಾರ ಎಳೆದರೆ ಮೂತಿ ಕುಸಿಯಬಾರದು, ಅದೇ ಅಳತೆ. ಹೊಟ್ಟೆ ಮೆತ್ತಗೇ ಇರಲಿ.

ಮೆಡಿಕಲ್ ಶಾಪಿನ ಹತ್ತಿ ತುಂಬಬೇಡಿ. ಅದು ತೇವ ಹೀರುತ್ತದೆ, ಗಂಟಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂರುಗದ ಅರಳೆ ಹಳೆಯ ಕಾಲದ ದಿಂಬುಗಳಲ್ಲಿ ಇರುತ್ತಿತ್ತು. ಬ್ರಿಟನ್ನಿನ ಹಳೆಯ ಕರಡಿಗಳಲ್ಲೂ ಇದೇ ಜಾತಿಯ ಅರಳೆ ತುಂಬುತ್ತಿದ್ದರು. ಬಹಳ ಹಗುರ, ಮೆತ್ತಗೆ. ಆದರೆ ತುಂಬುವಾಗ ಗಾಳಿಯಲ್ಲಿ ಹಾರಿ ಮೂಗು ಬಾಯಿಗೆ ಹೋಗುತ್ತದೆ, ಒಗೆಯಲು ಬರುವುದಿಲ್ಲ. ಅಜ್ಜಿಯ ದಿಂಬಿನ ಅರಳೆಯನ್ನು ನೆನಪಿಗೆ ಒಂದು ಕರಡಿಯಲ್ಲಿ ತುಂಬಿ ಇಡುವುದಾದರೆ ಅದು ಬೇರೆ ಮಾತು, ಅದಕ್ಕೆ ನಾನು ಬೇಡ ಅನ್ನುವುದಿಲ್ಲ.

ಕರಡಿ ಕೈಯಲ್ಲಿ ಸ್ವಲ್ಪ ಭಾರ ಅನಿಸಬೇಕು ಅಂತ ಕೆಲವರಿಗೆ ಆಸೆ. ಒಳ್ಳೆಯ ಆಸೆಯೇ, ಹೊಟ್ಟೆಯಲ್ಲಿ ತೂಕ ಇದ್ದರೆ ಕೂತಲ್ಲಿ ಕೂರುತ್ತದೆ. ಮಕ್ಕಳ ಸಾಸಿವೆ ದಿಂಬು ನೋಡಿರುವ ನಮ್ಮವರಿಗೆ ಸಾಸಿವೆ, ರಾಗಿ, ಅಕ್ಕಿ ಹೊಳೆಯುವುದು ಸಹಜ. ಆದರೆ ಹೊಲಿದು ಮುಚ್ಚಿದ ಬೊಂಬೆಯೊಳಗೆ ಕಾಳು ಬೇಡ, ಹುಳು ಬೀಳುತ್ತದೆ, ತೆಗೆದು ಒಣಗಿಸಲು ಬರುವುದಿಲ್ಲ. ಗಾಜಿನ ಮಣಿ ಒಳ್ಳೆಯದು. ಸೈಕಲ್ ಅಂಗಡಿಯಲ್ಲಿ ಸಿಗುವ ಬೇರಿಂಗ್ ಬಾಲ್‌ಗಳು ಇನ್ನೂ ಭಾರ, ಆದರೆ ನೀರು ತಾಗಿದರೆ ತುಕ್ಕು ಹಿಡಿಯುತ್ತವೆ. ಏನೇ ಹಾಕಿ, ಒತ್ತಾದ ಕಾಟನ್ ಬಟ್ಟೆಯ ಪುಟ್ಟ ಚೀಲದಲ್ಲಿ ಎರಡು ಸುತ್ತು ಹೊಲಿದು ಹಾಕಿ, ಮತ್ತು ಅಂಥ ಕರಡಿಯನ್ನು ಸಣ್ಣ ಮಕ್ಕಳಿಗೆ ಕೊಡಬೇಡಿ.

ಕಣ್ಣು. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕರಡಿ 3 ವರ್ಷದ ಒಳಗಿನ ಮಗುವಿಗಾದರೆ ದಾರದಲ್ಲಿ ಕಸೂತಿ ಹಾಕಿದ ಕಣ್ಣು ಮಾತ್ರ. ಬಟನ್ ಅಲ್ಲ, ಮಣಿ ಅಲ್ಲ, ಸೇಫ್ಟಿ ಕಣ್ಣೂ ಅಲ್ಲ. ಸೇಫ್ಟಿ ಕಣ್ಣು ಅಂದರೆ ಹಿಂದೆ ಗೀರು ಇರುವ ಪ್ಲಾಸ್ಟಿಕ್ ಕಾಲು, ಅದಕ್ಕೆ ಒಳಗಿಂದ ಒತ್ತಿ ಕೂರಿಸುವ ವಾಷರ್. ವಾಷರ್ ಗಟ್ಟಿ ಹಿಡಿದುಕೊಳ್ಳುತ್ತದೆ ನಿಜ, ಆದರೆ ಸುತ್ತಲಿನ ಬಟ್ಟೆ ಹರಿದರೆ ಕಣ್ಣು ಪೂರ್ತಿ ಹೊರಗೆ ಬರುತ್ತದೆ. ಅದಕ್ಕೇ ದೊಡ್ಡ ಮಕ್ಕಳ ಕರಡಿಗೆ ಹಾಕುವಾಗಲೂ ಹಿಂದೆ ಒಂದು ಫೆಲ್ಟ್ (ನೇಯದೆ, ನಾರನ್ನು ಒತ್ತಿ ಮಾಡಿದ ಬಟ್ಟೆ) ತುಂಡು ಇಟ್ಟು, ದಬ್ಬಣದಿಂದ ಕಾಲಿಗಿಂತ ಸಣ್ಣ ತೂತು ಮಾಡಿ ಒತ್ತಿ ಕೂರಿಸಿ. ಈಗ ಕ್ರೋಶಾ ಬೊಂಬೆ ಹೆಣೆಯುವವರು ಬಹಳ ಇರುವುದರಿಂದ ಎಲ್ಲ ಕ್ರಾಫ್ಟ್ ಅಂಗಡಿಯಲ್ಲೂ ಇವು ಸಿಗುತ್ತವೆ. ನಮ್ಮ ಅಳತೆಯ ಕರಡಿಗೆ 9ರಿಂದ 12 ಮಿಲಿಮೀಟರ್. ಅಚ್ಚ ಕಪ್ಪು ತೆಗೆದುಕೊಳ್ಳಿ. ಒಂದು ನೆನಪಿರಲಿ, ಇವನ್ನು ತಲೆಗೆ ಹತ್ತಿ ತುಂಬುವ ಮೊದಲೇ ಹಾಕಬೇಕು, ಹಾಕಿದ ಮೇಲೆ ತೆಗೆಯಲು ಬರುವುದಿಲ್ಲ. ತಲೆ ತುಂಬಿ, ಗುಂಡುಸೂಜಿ ಚುಚ್ಚಿ ಜಾಗ ನೋಡಿ ಆಮೇಲೆ ಕಣ್ಣು ಕೂರಿಸುವ ಸ್ವಾತಂತ್ರ್ಯ ಬೇಕಿದ್ದರೆ ಹಿಂದೆ ತಂತಿಯ ಕುಣಿಕೆ ಇರುವ ಗಾಜಿನ ಕಣ್ಣು ಹಾಕಬೇಕು. ಮುಖಕ್ಕೆ ಬರುವ ಜೀವವೇ ಬೇರೆ, ಆದರೆ ಅದು ಶೋಕೇಸಿನ ಕರಡಿಗೆ ಮಾತ್ರ.

ವೇಲ್ಸ್‌ನ ವೆಂಡಿ ಬಾಸ್ಟನ್ ಅವರ ಕಂಪನಿ 1954ರಲ್ಲಿ ಮೆಷಿನ್ನಿಗೆ ಹಾಕಿ ಒಗೆಯಬಹುದಾದ ಕರಡಿ ಮಾಡಿತು. ಅದಕ್ಕೆ ಜಾಯಿಂಟೇ ಇರಲಿಲ್ಲ, ಕೈಕಾಲು ಮೈಗೆ ಸೇರಿಯೇ ಇದ್ದವು. ಮಗುವಿಗೆ ಅಂತ ಮಾಡುವವರು ಇದೇ ದಾರಿ ಹಿಡಿಯಬಹುದು. ಜಾಯಿಂಟ್ ಇಲ್ಲದ ಪ್ಯಾಟರ್ನ್, ಪಾಲಿಯೆಸ್ಟರ್ ಹತ್ತಿ, ಕಸೂತಿ ಕಣ್ಣು. ಸಾಮಾನಿನ ಖರ್ಚೂ ಅರ್ಧ ಇಳಿಯುತ್ತದೆ, ಮಗು ಬಾಯಿಗೆ ಹಾಕಿಕೊಂಡರೂ ನಿಮಗೆ ನಿದ್ದೆ ಬರುತ್ತದೆ.

ದಾರದಲ್ಲಿ ಜಿಪುಣತನ ಬೇಡ. ಮಾಮೂಲಿ ಹೊಲಿಗೆ ದಾರವನ್ನು ಕೈ ಹೊಲಿಗೆಗೆ ಒಂಟಿಯಾಗಿ ಬಳಸಬೇಡಿ, ಎರಡೆಳೆ ಮಾಡಿ ಜೇನುಮೇಣಕ್ಕೆ ಸವರಿ ಹಿಂಹೊಲಿಗೆ ಹಾಕಿ, ಅಂಚಿನಿಂದ 6 ಮಿಲಿಮೀಟರ್ ಒಳಗೆ. ಜೀನ್ಸ್ ಹೊಲಿಯುವ ದಪ್ಪ ಪಾಲಿಯೆಸ್ಟರ್ ದಾರ ಸಿಕ್ಕರೆ ಅದೇ ಸಾಕು. ಗಾಜಿನ ಕಣ್ಣು ಕಟ್ಟಲು, ಕುತ್ತಿಗೆ ಸುತ್ತ ನೆರಿಗೆ ಎಳೆಯಲು ಚಪ್ಪಲಿ ಹೊಲಿಯುವವರು ಬಳಸುವ ನೈಲಾನ್ ದಾರದಷ್ಟು ಗಟ್ಟಿ ಬೇರೆ ಇಲ್ಲ, ಎಳೆದರೆ ನಿಮ್ಮ ಬೆರಳು ಕುಯ್ಯುತ್ತದೆ, ದಾರ ತುಂಡಾಗುವುದಿಲ್ಲ. ಮೂಗಿಗೆ ಆಂಕರ್ ಪರ್ಲ್ ಕಾಟನ್ ದಾರ ನನಗೆ ಬಹಳ ಇಷ್ಟ. ಆರೆಳೆಯ ಕಸೂತಿ ದಾರಕ್ಕಿಂತ ಇದು ತಿರುಚಿಕೊಂಡು ಗುಂಡಗೆ ಇರುತ್ತದೆ, ಹೊಲಿಗೆ ಪಕ್ಕ ಪಕ್ಕದಲ್ಲಿ ಒತ್ತಾಗಿ ಕೂರುತ್ತದೆ, ಮೂಗಿಗೆ ಹೊಳಪು ಬರುತ್ತದೆ. ಪ್ಲಾಸ್ಟಿಕ್ ಮೂಗು ಸಿಗುತ್ತದೆ ಅಂತ ಕೊಳ್ಳಬೇಡಿ. ಕರಡಿಗೆ ಅದರದ್ದೇ ಆದ ಮುಖ ಬರುವುದು ಮೂಗು ಹೊಲಿಯುವಾಗ, ಆ ಭಾಗವನ್ನು ಅಂಗಡಿಗೆ ಬಿಟ್ಟುಕೊಡಬೇಡಿ.

ಸೂಜಿಗಳಲ್ಲಿ ಒಂದು ಮಾತ್ರ ಬೇರೆಯಾಗಿ ಕೊಳ್ಳಬೇಕು, ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ಉದ್ದ ಸೂಜಿ. ಕನಿಷ್ಠ 5 ಇಂಚು. ಗೋಣಿಚೀಲದ ದಬ್ಬಣದಲ್ಲೇ ಮಾಡಬಹುದು ಅಂತ ಹೇಳುವವರಿದ್ದಾರೆ, ಅದು ತೀರಾ ದಪ್ಪ, ಮುಖದಲ್ಲಿ ತೂತು ಉಳಿಯುತ್ತದೆ. ಪಾದ ಮತ್ತು ಅಂಗೈಗೆ ಫೆಲ್ಟ್ ಸಾಕು. ತೆಳು ಅಕ್ರಿಲಿಕ್ ಫೆಲ್ಟ್ ಆದರೆ ಎರಡು ಪದರ ಇಡಿ. ಕತ್ತರಿ ಚಿಕ್ಕದು, ತುದಿ ಚೂಪು. ಹಿಂಬದಿಯ ಬಟ್ಟೆಯನ್ನಷ್ಟೇ ತುದಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ತುಪ್ಪಳ ಕತ್ತರಿಗೆ ಸಿಗಬಾರದು. ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಆರ್ಟರಿ ಫೋರ್ಸೆಪ್ಸ್, ಅಂದರೆ ಕತ್ತರಿಯಂತೆ ಹಿಡಿದು ತುದಿಯಲ್ಲಿ ಕಚ್ಚಿಸುವ ಇಕ್ಕಳ, ಒಂದನ್ನು ಕೊಂಡುಕೊಳ್ಳಿ. ಹೊಲಿದ ಕೈಯನ್ನು ಒಳಹೊರಗು ಮಾಡಲು, ಪಾದದ ತುದಿಗೆ ಹತ್ತಿ ತಲುಪಿಸಲು ಇದರಷ್ಟು ಒಳ್ಳೆಯ ಸಾಧನ ಇಲ್ಲ, ದುಬಾರಿಯೂ ಅಲ್ಲ. ಹೊಲಿಗೆಯಲ್ಲಿ ಸಿಕ್ಕಿದ ತುಪ್ಪಳ ಬಿಡಿಸಲು ಹಳೆಯ ಟೂತ್‌ಬ್ರಶ್ ಆಗುತ್ತದೆ.

ಮಾಡಿ ಮಾರುವ ಯೋಚನೆ ಇದ್ದರೆ ಸಾಮಾನು ಕೊಳ್ಳುವ ಮೊದಲೇ ಒಂದು ವಿಷಯ ತಿಳಿದುಕೊಳ್ಳಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ, ಮೆತ್ತನೆ ಬೊಂಬೆಗಳೂ ಅದರಲ್ಲಿ ಸೇರುತ್ತವೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿ ಮಾರುವುದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ನಿಮ್ಮ ಮನೆ ಮಕ್ಕಳಿಗೆ, ಸ್ನೇಹಿತರಿಗೆ ಉಡುಗೊರೆ ಕೊಡುವವರಿಗೆ ಇದರ ಚಿಂತೆ ಇಲ್ಲ.

ಪೇಟೆಗೆ ಹೋಗುವುದಾದರೆ ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಇಳಿಯಿರಿ, ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಇರುವುದಿಲ್ಲ. ಬಟ್ಟೆಗೆ ಚಿಕ್ಕಪೇಟೆಯ ಒಳ ಓಣಿಗಳು. ದಾರ, ಸೂಜಿ, ಕಣ್ಣು, ಫೆಲ್ಟ್‌ಗೆ ಮಾಮೂಲ್‌ಪೇಟೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಬ್ಬದ ಮುಂಚಿನ ವಾರಗಳಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಕಾಲು ಮೀಟರ್ ಕೇಳುವವರನ್ನು ಆಗ ಯಾರೂ ಮಾತಾಡಿಸುವುದಿಲ್ಲ. ವಾರದ ನಡುವೆ, ಬೆಳಗ್ಗೆ ಅಂಗಡಿ ಆಗತಾನೇ ತೆರೆದ ಹೊತ್ತಿಗೆ ಹೋಗಿ. ಸಗಟು ಅಂಗಡಿಯವರು ಕೆಲವರು ಅರ್ಧ ಮೀಟರ್ ಕತ್ತರಿಸಲು ಒಪ್ಪುವುದಿಲ್ಲ, ಅವರ ಹತ್ತಿರ ‘ಕಟ್ ಪೀಸ್ ಇದ್ಯಾ’ ಅಂತ ಕೇಳಿ. ತಾನು ಮುಗಿದ ಕೊನೆಯ ತುಂಡುಗಳು ಒಂದು ಮೂಲೆಯಲ್ಲಿ ಬಿದ್ದಿರುತ್ತವೆ, ಅವನ್ನು ತೂಕದ ಮೇಲೆ ಕೊಡುವವರೂ ಇದ್ದಾರೆ.